ಒಡೆಯನ ಕಣ್ಣಿನಾಚೆ

ಕಡುನೀಲಿಯ ಮಖಮಲ್ಲು ಹೊದಿಸಿ, ಮೈತುಂಬ ಚಿನ್ನದ ಹದ್ದುಗಳನ್ನು ಕೂರಿಸಿ, ಎರಡು ತುದಿಗೂ ಚಿನ್ನದ ಕಟ್ಟು ಹಾಕಿದ, ಹೆಚ್ಚು ಕಡಮೆ ಒಂದು ಮೊಳದುದ್ದದ ಕೋಲು ಅದು. ಅದನ್ನು ಹಿಡಿದವನು ಯುದ್ಧಕಾಲದಲ್ಲಿ ಭಯವೂ ಶಾಂತಿಕಾಲದಲ್ಲಿ ಭೂಷಣವೂ ಆಗತಕ್ಕದ್ದೆಂಬ ಅರ್ಥದ ಲ್ಯಾಟಿನ್ ನುಡಿಯೊಂದನ್ನು ಅದರ ಮೇಲೆ ಕೆತ್ತಿಸಲಾಗಿತ್ತು. 1804ನೆಯ ಇಸವಿ ಮೇ 18ರಂದು ಫ್ರಾನ್ಸಿನ ಸೆನೆಟ್ ಸಭೆಯು ನೆಪೋಲಿಯನ್ ಬೊನಪಾರ್ಟೆಯನ್ನು ಚಕ್ರವರ್ತಿಯೆಂದು ಸಾರಿತು. ಮರುದಿನವೇ ಆ ಹೊಸ ಚಕ್ರವರ್ತಿಯು 18 ಮಂದಿ ಸೇನಾನಿಗಳನ್ನು ಮಾರ್ಷಲ್ ಪದವಿಗೆ ಏರಿಸಿದನು. ಮುಂದಿನ ಹನ್ನೊಂದು ವರ್ಷಗಳಲ್ಲಿ ಇನ್ನೂ 8 ಮಂದಿಗೆ ಆ ಪದವಿ ದೊರೆತು, ನೀಲಿ ದಂಡವನ್ನು ಹಿಡಿದವರ ಸಂಖ್ಯೆ 26 ಆಯಿತು. ಅವರಲ್ಲಿ ಒಬ್ಬನು ರೈತನ ಮಗ, ಒಬ್ಬನು ಪೀಪಾಯಿ ಕಟ್ಟುವವನ ಮಗ, ಒಬ್ಬನು ಹೋಟೆಲು ನಡೆಸುವವನ ಮಗ, ಒಬ್ಬನು ತಂದೆಯಿಲ್ಲದೆ ಬೆಳೆದು ಹಡಗಿನ ಚಾಕರಿಗೆ ಸೇರಿದವನು. ಹಳೆಯ ಶ್ರೀಮಂತ ಮನೆತನಗಳಲ್ಲಿ ಹುಟ್ಟಿದವರೂ ಕೆಲವರಿದ್ದರು.

ಈ 26 ಜನರಲ್ಲಿ ಯಾರು ಮೇಲು, ಯಾರು ಕೀಳು ಎಂಬ ಚರ್ಚೆ ಇತಿಹಾಸಪ್ರಿಯರಲ್ಲಿ ಇಂದಿಗೂ ಮುಗಿದಿಲ್ಲ. ಗೆದ್ದ ಯುದ್ಧಗಳನ್ನು ಎಣಿಸಿ ಕೆಲವರು ಶ್ರೇಣಿ ಹಾಕುತ್ತಾರೆ. ಮೈಮೇಲಿನ ಗಾಯಗಳನ್ನು ಎಣಿಸಿ ಕೆಲವರು. ಕಡೆಯ ಗಳಿಗೆಯಲ್ಲಿ ಚಕ್ರವರ್ತಿಗೆ ನಿಷ್ಠನಾಗಿ ಉಳಿದನೋ ಇಲ್ಲವೋ ಎಂಬುದನ್ನು ನೋಡಿ ಇನ್ನು ಕೆಲವರು. ಈ ಎಣಿಕೆಗಳೆಲ್ಲ ಉಪಯುಕ್ತವೇ. ಆದರೆ ಸೇನಾನಿಯ ಗುಣದೋಷಗಳನ್ನು ಅವನು ನಿಂತಿದ್ದ ಜಾಗದಿಂದ ಕಿತ್ತು ತೆಗೆದು ತಕ್ಕಡಿಗೆ ಹಾಕಿದರೆ ತೂಕ ತಪ್ಪುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಇಪ್ಪತ್ತು ಸಾವಿರ ಜನರ ಮುಂದೆ ಸಿಂಹವಾಗಿದ್ದವನು ಅರುವತ್ತು ಸಾವಿರ ಜನರ ಭಾರ ಹೆಗಲಿಗೆ ಬಿದ್ದಾಗ ದಿಕ್ಕು ತಪ್ಪಿದ್ದುಂಟು. ಒಡೆಯನ ಪಕ್ಕದಲ್ಲಿ ಗಡಿಯಾರದ ಮುಳ್ಳಿನಂತೆ ನಿಖರವಾಗಿ ನಡೆದವನು ಒಡೆಯ ನಾನೂರು ಮೈಲಿ ದೂರವಾದಾಗ ನಿಂತುಹೋದದ್ದುಂಟು. ಆದುದರಿಂದ ಈ ಸೇನಾನಿಗಳಲ್ಲಿ ಪ್ರತಿಯೊಬ್ಬನ ವಿಷಯದಲ್ಲಿಯೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಚಕ್ರವರ್ತಿಯ ಕಣ್ಣು ತನ್ನ ಮೇಲೆ ಇಲ್ಲದಿದ್ದಾಗ ಈತನು ಏನು ಮಾಡಿದನು?

ಈ ಪ್ರಶ್ನೆಗೆ ಅಷ್ಟು ಬೆಲೆ ಏಕೆಂಬುದನ್ನು ತಿಳಿಯಬೇಕಾದರೆ ನೆಪೋಲಿಯನ್ನನ ಸೈನ್ಯದ ರಚನೆಯನ್ನು ಸ್ವಲ್ಪ ನೋಡಬೇಕು. ಅವನು ತನ್ನ ಮಹಾಸೇನೆಯನ್ನು ಹಲವು ದಳಗಳಾಗಿ ವಿಂಗಡಿಸಿ, ಒಂದೊಂದು ದಳಕ್ಕೂ ತನ್ನದೇ ಆದ ಕಾಲಾಳು, ಕುದುರೆ, ಫಿರಂಗಿಗಳನ್ನು ಕೊಟ್ಟು, ಒಬ್ಬೊಬ್ಬ ಮಾರ್ಷಲನ ಕೈಗೆ ಒಪ್ಪಿಸಿದ್ದನು. ದಳಗಳು ಬೇರೆ ಬೇರೆ ದಾರಿಗಳಲ್ಲಿ ನಡೆದು ಊರೂರಿನ ಧಾನ್ಯವನ್ನು ಉಂಡು ಮುಂದುವರಿಯುತ್ತಿದ್ದವು. ಯಾವುದಾದರೊಂದು ದಳಕ್ಕೆ ಶತ್ರು ಎದುರಾದರೆ ಅದು ಒಂದು ದಿನದ ಮಟ್ಟಿಗೆ ಒಂಟಿಯಾಗಿ ತಡೆದು ನಿಲ್ಲಬೇಕು, ಅಷ್ಟರಲ್ಲಿ ಒಂದು ದಿನದ ನಡಿಗೆಯ ಅಂತರದಲ್ಲಿರುವ ಉಳಿದ ದಳಗಳು ಬಂದು ಕೂಡಿಕೊಳ್ಳಬೇಕು ಎಂಬುದು ಆ ವ್ಯವಸ್ಥೆಯ ಮರ್ಮ. ಹೀಗಾಗಿ ಮಾರ್ಷಲನಾದವನು ಏಕಕಾಲದಲ್ಲಿ ಎರಡು ವಿರುದ್ಧ ಗುಣಗಳನ್ನು ತೋರಿಸಬೇಕಾಗುತ್ತಿತ್ತು: ಚಕ್ರವರ್ತಿಯ ಯೋಜನೆಯಲ್ಲಿ ತಾನೊಂದು ಬೆರಳೆಂಬ ವಿಧೇಯತೆ ಮೊದಲನೆಯದು, ಆ ಬೆರಳಿಗೇ ಬೆಂಕಿ ತಾಗಿದಾಗ ಯಾರನ್ನೂ ಕೇಳದೆ ನಿರ್ಧಾರ ಮಾಡುವ ಸ್ವಾತಂತ್ರ್ಯ ಎರಡನೆಯದು. ಇವೆರಡೂ ಒಬ್ಬನಲ್ಲಿಯೇ ಕೂಡಿ ಬರುವುದು ಅಪರೂಪ.

ಮೊದಲನೆಯ ಗುಣದ ಪರಾಕಾಷ್ಠೆಯನ್ನು ನೋಡಬೇಕೆಂದರೆ ಚಕ್ರವರ್ತಿಯ ಸೇನಾ ಕಚೇರಿಯ ಮುಖ್ಯಸ್ಥನಾದ ಬರ್ತಿಯೆಯ ಮೇಜಿನ ಬಳಿಗೆ ಹೋಗಬೇಕು. ಭೂಪಟ ಬರೆಯುವ ಸೈನಿಕ ಇಂಜಿನಿಯರುಗಳ ನಡುವೆ ಬೆಳೆದ ಈ ಗಿಡ್ಡ ಮನುಷ್ಯನು, ಯಾವಾಗಲೂ ಉಗುರು ಕಚ್ಚಿಕೊಳ್ಳುತ್ತ, ಯಾವ ದಳ ಯಾವ ಊರಿನಲ್ಲಿದೆ, ಅದರಲ್ಲಿ ಎಷ್ಟು ಜನ ನಡೆಯಬಲ್ಲರು, ಎಷ್ಟು ಜನ ಆಸ್ಪತ್ರೆಯಲ್ಲಿದ್ದಾರೆ ಎಂಬ ಲೆಕ್ಕವನ್ನು ತನ್ನ ಪಟ್ಟಿಪುಸ್ತಕಗಳಲ್ಲಿ ಸದಾ ಸಿದ್ಧವಾಗಿಟ್ಟುಕೊಂಡಿರುತ್ತಿದ್ದನು. ಚಕ್ರವರ್ತಿಯು ಅಪರಾತ್ರಿಯಲ್ಲಿ ಕರೆಸಿ ಅರ್ಧಂಬರ್ಧ ವಾಕ್ಯಗಳಲ್ಲಿ ಬಡಬಡನೆ ಹೇಳಿದ್ದನ್ನು ಕೇಳಿಕೊಂಡು, ಅದನ್ನು ಒಬ್ಬೊಬ್ಬ ದಳಪತಿಗೂ ಅರ್ಥವಾಗುವ ಬಿಡಿ ಬಿಡಿ ಆಜ್ಞೆಗಳನ್ನಾಗಿ ಬರೆಸಿ, ಒಬ್ಬ ಸವಾರ ದಾರಿಯಲ್ಲಿ ಸತ್ತರೂ ಇನ್ನೊಬ್ಬನು ತಲುಪಲೆಂದು ಒಂದೇ ಆಜ್ಞೆಯ ಹಲವು ಪ್ರತಿಗಳನ್ನು ಬೇರೆ ಬೇರೆ ಸವಾರರ ಕೈಯಲ್ಲಿ ಕಳುಹಿಸುವುದು ಅವನ ಕ್ರಮ. 1805ರಲ್ಲಿ ಸುಮಾರು 2,00,000 ಸೈನಿಕರು ಇಂಗ್ಲಿಷ್ ಕಡಲ್ಗಾಲುವೆಯ ದಡದಿಂದ ಹೊರಟು, ದಾರಿಗಳು ಒಂದಕ್ಕೊಂದು ಅಡ್ಡ ಬಾರದ ಹಾಗೆ ಯೂರೋಪಿನ ಅರ್ಧವನ್ನು ದಾಟಿ ಡ್ಯಾನ್ಯೂಬ್ ತೀರದಲ್ಲಿ ಆಸ್ಟ್ರಿಯನರ ಬೆನ್ನ ಹಿಂದೆ ಪ್ರತ್ಯಕ್ಷರಾದರಲ್ಲ, ಆ ವಿಸ್ಮಯದಲ್ಲಿ ಕಲ್ಪನೆ ನೆಪೋಲಿಯನ್ನನದು, ಕೈಬರಹ ಬರ್ತಿಯೆಯದು. ಆದರೆ 1809ರ ಏಪ್ರಿಲಿನಲ್ಲಿ ಚಕ್ರವರ್ತಿಯಿನ್ನೂ ಪ್ಯಾರಿಸಿನಲ್ಲಿದ್ದಾಗ ಬವೇರಿಯದಲ್ಲಿದ್ದ ಸೈನ್ಯವನ್ನು ಕೆಲವು ದಿನ ನಡೆಸುವ ಹೊಣೆ ಇದೇ ಬರ್ತಿಯೆಯ ಮೇಲೆ ಬಿತ್ತು. ದೂರದಿಂದ ಬಂದ ಹಳೆಯ ಸೂಚನೆಗಳನ್ನು ಅಕ್ಷರಶಃ ಪಾಲಿಸಹೊರಟ ಅವನು ಸೈನ್ಯವನ್ನು ಎರಡು ತುಂಡು ಮಾಡಿ, ದಾವೂವಿನ ದಳವನ್ನು ರೆಗೆನ್ಸ್‌ಬರ್ಗಿನಲ್ಲಿ ಶತ್ರುವಿನ ಬಾಯಿಗೆ ಒಡ್ಡಿದನು; ಏಪ್ರಿಲ್ 17ರಂದು ನೆಪೋಲಿಯನ್ನನು ಬಂದು ಮುಟ್ಟದೆ ಹೋಗಿದ್ದರೆ ಅನಾಹುತವೇ ಆಗುತ್ತಿತ್ತು. ಇದನ್ನು ಕಂಡು ಬರ್ತಿಯೆಯನ್ನು ಅಯೋಗ್ಯನೆನ್ನುವುದು ಅನ್ಯಾಯ. ವೀಣೆಯ ತಂತಿ ತಾನಾಗಿ ರಾಗ ಕಟ್ಟಲಿಲ್ಲವೆಂದು ಅದನ್ನು ಯಾರೂ ಹಳಿಯುವುದಿಲ್ಲ.

ಮ್ಯೂರಾನ ಕಥೆ ಬೇರೆಯದು. ಹೋಟೆಲಿನವನ ಮಗನಾಗಿ ಹುಟ್ಟಿ, ಚಕ್ರವರ್ತಿಯ ತಂಗಿಯನ್ನು ಮದುವೆಯಾಗಿ, 1808ರಲ್ಲಿ ನೇಪಲ್ಸಿನ ರಾಜನಾದ ಈ ಅಶ್ವಸೇನಾಪತಿಯು ಗರಿ, ಜರಿ, ಬಣ್ಣಗಳಿಂದ ಅಲಂಕೃತನಾಗಿ ಕುದುರೆಯ ಮೇಲೆ ಕುಳಿತನೆಂದರೆ ಅವನ ಹಿಂದೆ ಸಾವಿರಾರು ಸವಾರರು ಸಾವನ್ನೇ ಮರೆತು ನುಗ್ಗುತ್ತಿದ್ದರು. 1807ರ ಫೆಬ್ರವರಿ 8ರಂದು ಐಲೌ ಬಯಲಿನಲ್ಲಿ, ಹಿಮ ಕಣ್ಣಿಗೆ ಹೊಡೆಯುತ್ತಿರಲು ಫ್ರೆಂಚರ ಮಧ್ಯಭಾಗವೇ ಕುಸಿದುಬಿದ್ದ ಗಳಿಗೆಯಲ್ಲಿ, ಸುಮಾರು 10,000 ಕುದುರೆಗಳನ್ನು ನಡೆಸಿಕೊಂಡು ಹೋಗಿ ರಷ್ಯನರ ಸಾಲುಗಳನ್ನು ಸೀಳಿ ಅವನು ಆ ದಿನವನ್ನು ಉಳಿಸಿದನು. ಅವನಿಗೆ ಕಾಣುತ್ತಿದ್ದದ್ದು ಎದುರಿಗಿರುವ ಬಯಲು ಮಾತ್ರ. ಬಯಲಿನಾಚೆಯ ನಾಳೆ ಕಾಣುತ್ತಿರಲಿಲ್ಲ. 1812ರಲ್ಲಿ ರಷ್ಯದ ದಾರಿಯಲ್ಲಿ ಮೇವು ನೀರುಗಳ ಗೊಡವೆಯಿಲ್ಲದೆ ಓಡಿಸಿ ಓಡಿಸಿ, ಮಾಸ್ಕೋ ಸೇರುವುದಕ್ಕೆ ಮೊದಲೇ ಫ್ರಾನ್ಸಿನ ಅಶ್ವಬಲವನ್ನು ಅವನು ಬಹುಮಟ್ಟಿಗೆ ಸವೆಸಿಬಿಟ್ಟಿದ್ದನು. ಹಿಮ್ಮೆಟ್ಟುವಾಗ ಚಕ್ರವರ್ತಿಯು ಅಳಿದುಳಿದ ಸೈನ್ಯವನ್ನು ಇವನಿಗೆ ಒಪ್ಪಿಸಿ ಪ್ಯಾರಿಸಿಗೆ ಹೊರಟರೆ, ಕೆಲವು ವಾರಗಳಲ್ಲಿ ಇವನು ಅದನ್ನು ಚಕ್ರವರ್ತಿಯ ಮಲಮಗ ಯೂಜೀನನ ಕೈಗೆ ತಳ್ಳಿ ತನ್ನ ಸಿಂಹಾಸನವನ್ನು ಕಾಯಲು ನೇಪಲ್ಸಿಗೆ ಓಡಿದನು. 1814ರ ಜನವರಿಯಲ್ಲಿ ಆಸ್ಟ್ರಿಯದೊಡನೆ ಒಪ್ಪಂದವನ್ನೂ ಮಾಡಿಕೊಂಡನು. ರಣದಲ್ಲಿ ಹೆದರದವನು ರಾಜ್ಯ ಹೋದೀತೆಂದು ಹೆದರಿದನು. ಧೈರ್ಯಕ್ಕೂ ಜಾತಿಗಳುಂಟೆಂಬುದಕ್ಕೆ ಮ್ಯೂರಾನಿಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನೇ ಎಂಬಾತನ ಹೆಸರನ್ನು ಎತ್ತಿದರೆ ಮಾತ್ರ ನನ್ನ ಲೇಖನಿ ತಾನಾಗಿ ನಿಧಾನವಾಗುತ್ತದೆ. ಪೀಪಾಯಿ ಕಟ್ಟುವವನ ಮಗನಾದ ಈ ಕೆಂಗೂದಲ ಯೋಧನು 1812ರ ನವೆಂಬರಿನಲ್ಲಿ ಹಿಂದಣಿಯನ್ನು ಕಾಯುತ್ತ ಬರುತ್ತಿರಲು, ಕ್ರಾಸ್ನೋಯ್ ಬಳಿ ರಷ್ಯನ್ ಸೈನ್ಯ ದಾರಿಗೆ ಅಡ್ಡ ನಿಂತಿತು. ಮುಂದೆ ಹೋದ ಮುಖ್ಯ ಸೈನ್ಯ ಕಣ್ಮರೆಯಾಗಿತ್ತು. ಶರಣಾಗೆಂದು ದೂತನು ಬಂದನು. ಅವನು ಶರಣಾಗಲಿಲ್ಲ. ಕತ್ತಲಾದ ಮೇಲೆ ಬೆಂಕಿಗಳನ್ನು ಉರಿಯಲು ಬಿಟ್ಟು, ಸದ್ದಿಲ್ಲದೆ ಉತ್ತರಕ್ಕೆ ತಿರುಗಿ, ನೀಪರ್ ನದಿಯ ಮೇಲೆ ಆಗತಾನೆ ಕಟ್ಟಿದ್ದ ತೆಳ್ಳನೆಯ ಮಂಜುಗಡ್ಡೆಯ ಮೇಲೆ, ಫಿರಂಗಿ ಬಂಡಿಗಳನ್ನು ಈಚೆ ದಡದಲ್ಲಿಯೇ ತೊರೆದು, ಒಬ್ಬರ ಹಿಂದೊಬ್ಬರನ್ನು ದಾಟಿಸಿದನು. ಕಾಲ ಕೆಳಗೆ ಗಡ್ಡೆ ಬಿರಿಯುತ್ತಿತ್ತು, ಕೆಲವರು ಕಣ್ಣೆದುರಿಗೇ ಮುಳುಗಿದರು. ಸುಮಾರು 6,000 ಜನರೊಡನೆ ಹೊರಟವನು ಮುಖ್ಯ ಸೈನ್ಯವನ್ನು ಕೂಡಿಕೊಂಡಾಗ ಅವನ ಸಂಗಡ ಉಳಿದವರು ಸಾವಿರಕ್ಕೂ ಕಡಮೆ. ಆದರೂ ಅದು ಸೋಲೆಂದು ಯಾರೂ ಹೇಳಲಿಲ್ಲ. ಇದೇ ಮನುಷ್ಯನು ಮರುವರ್ಷ ಬೌಟ್ಸೆನ್ ಕದನದಲ್ಲಿ ಶತ್ರುವಿನ ಬೆನ್ನಿಗೆ ಬೀಳಬೇಕಾಗಿದ್ದ ದೊಡ್ಡ ಸೈನ್ಯವನ್ನು ದಾರಿಯ ಹಳ್ಳಿಯೊಂದರ ಜಗಳದಲ್ಲಿ ಸಿಕ್ಕಿಸಿಬಿಟ್ಟನು. ಸೆಪ್ಟೆಂಬರ್ 6ರಂದು ಡೆನೆವಿಟ್ಸ್‌ನಲ್ಲಿ, ಇಡೀ ಸೈನ್ಯದ ಅಧಿಪತಿಯಾಗಿದ್ದೂ ಕತ್ತಿ ಹಿರಿದು ದೂಳಿನ ನಡುವೆ ನುಗ್ಗಿ, ತನ್ನ ಇನ್ನೊಂದು ಪಾರ್ಶ್ವ ಏನಾಯಿತೆಂದೇ ಅರಿಯದೆ ಸೋತನು. ಕಣ್ಣಿಗೆ ಕಾಣುವಷ್ಟು ಜನರಿಗೆ ಅವನಂಥ ನಾಯಕನು ಇನ್ನೊಬ್ಬನಿರಲಿಲ್ಲ; ಕಣ್ಣಿಗೆ ಕಾಣದ ಜನರನ್ನು ಮನಸ್ಸಿನಿಂದ ನಡೆಸುವ ವಿದ್ಯೆ ಅವನಿಗೆ ಒಲಿಯಲಿಲ್ಲ.

ಆ ವಿದ್ಯೆ ಪೂರ್ಣವಾಗಿ ಒಲಿದಿದ್ದವನು ದಾವೂ. 1804ರಲ್ಲಿ ಮಾರ್ಷಲರಾದವರಲ್ಲೆಲ್ಲ ಕಿರಿಯನಾದ, ಮೂವತ್ತನಾಲ್ಕು ವರ್ಷದ, ಸಮೀಪದೃಷ್ಟಿಯ ದೋಷವಿದ್ದುದರಿಂದ ಕನ್ನಡಕ ಧರಿಸುತ್ತಿದ್ದ, ಯಾರೊಡನೆಯೂ ಸಲಿಗೆಯಿಂದ ಬೆರೆಯದ ಈತನಿಗೆ ಆ ಪದವಿ ಏಕೆ ಸಿಕ್ಕಿತೆಂದು ಹಲವರಿಗೆ ಆಶ್ಚರ್ಯವಾಗಿತ್ತು. ಉತ್ತರ 1806ರ ಅಕ್ಟೋಬರ್ 14ರ ಬೆಳಗ್ಗೆ ಬಂದಿತು. ಅಂದು ನೆಪೋಲಿಯನ್ನನು ಯೇನಾ ಪಟ್ಟಣದ ಮೇಲಿನ ಗುಡ್ಡಗಳಲ್ಲಿ ತಾನು ಪ್ರಷ್ಯದ ಮುಖ್ಯ ಸೈನ್ಯದೊಡನೆ ಹೋರಾಡುತ್ತಿದ್ದೇನೆಂದು ನಂಬಿದ್ದನು. ಆದರೆ ಆ ಮುಖ್ಯ ಸೈನ್ಯ, ಸುಮಾರು 60,000 ಜನ, ತಮ್ಮ ಅರಸನನ್ನೂ ಬ್ರನ್ಸ್‌ವಿಕ್ಕಿನ ಡ್ಯೂಕನನ್ನೂ ಒಡಗೂಡಿ, ಅಲ್ಲಿಂದ ಉತ್ತರಕ್ಕೆ ಕೆಲವೇ ಹರಿದಾರಿಗಳ ಆಚೆ ಔವರ್‌ಸ್ಟೆಟ್ ಕಡೆಯ ಹೆದ್ದಾರಿಯಲ್ಲಿ ದಾವೂವಿನ ಸುಮಾರು 27,000 ಜನರಿಗೆ ಎದುರಾಯಿತು. ದಟ್ಟವಾದ ಮಂಜು, ಹತ್ತು ಮಾರು ಆಚೆ ಇರುವುದು ಮರವೋ ಮನುಷ್ಯನೋ ತಿಳಿಯದು. ಹಾಸನ್‌ಹೌಸನ್ ಎಂಬ ಹಳ್ಳಿಯ ಸುತ್ತ ಗ್ಯುಡಾನನ ತುಕಡಿ ಮೊದಲು ಬಂದು ಚೌಕಗಳಾಗಿ ನಿಂತು ಕುದುರೆಗಳ ಅಲೆಯ ಮೇಲೆ ಅಲೆಯನ್ನು ತಡೆಯಿತು. ಆಮೇಲೆ ಬಲಕ್ಕೆ ಫ್ರಿಯಾನನ ತುಕಡಿ, ಎಡಕ್ಕೆ ಮೊರಾನನ ತುಕಡಿ, ಒಂದೊಂದೂ ಬರಬೇಕಾದ ಗಳಿಗೆಗೆ ಸರಿಯಾಗಿ ಬಂದು ಸಾಲು ಕೂಡಿದವು. ದಾವೂ ಗುಂಡಿನ ಮಳೆಯಲ್ಲಿ ಸಾಲಿನಿಂದ ಸಾಲಿಗೆ ಓಡಾಡುತ್ತ, ಎಲ್ಲಿ ಒಂದು ದಳ ತೆಳ್ಳಗಾಯಿತೋ ಅಲ್ಲಿಗೆ ಇನ್ನೊಂದನ್ನು ಸರಿಸುತ್ತ, ಮಧ್ಯಾಹ್ನದ ಹೊತ್ತಿಗೆ ತಡೆಯುವವನ ಸ್ಥಾನದಿಂದ ತಳ್ಳುವವನ ಸ್ಥಾನಕ್ಕೆ ಬಂದನು. ಬ್ರನ್ಸ್‌ವಿಕ್ಕಿನ ಡ್ಯೂಕನು ಮಾರಕವಾಗಿ ಗಾಯಗೊಂಡನು, ಪ್ರಷ್ಯನರು ಹಿಮ್ಮೆಟ್ಟಿದರು. ದಾವೂ ತನ್ನ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲನ್ನು ಕಳೆದುಕೊಂಡಿದ್ದನು. ವರದಿ ತಂದವನೊಡನೆ ನೆಪೋಲಿಯನ್ನನು, ನಿನ್ನ ಮಾರ್ಷಲನಿಗೆ ಒಂದು ಎರಡಾಗಿ ಕಂಡಿರಬೇಕೆಂಬ ಭಾವದ ಮಾತಾಡಿದನಂತೆ. ಸತ್ಯ ತಿಳಿದ ಮೇಲೆ, ಬರ್ಲಿನ್ ನಗರವನ್ನು ಮೊದಲು ಪ್ರವೇಶಿಸುವ ಗೌರವವನ್ನು ಆ ದಳಕ್ಕೇ ಕೊಟ್ಟನು.

ಅದೇ ದಿನ ಬರ್ನಡೋಟ್ ಎಂಬ ಇನ್ನೊಬ್ಬ ಮಾರ್ಷಲನು ತನ್ನ ಇಡೀ ದಳದೊಡನೆ ಎರಡು ರಣರಂಗಗಳ ನಡುವೆಯೇ ಇದ್ದು, ಆಜ್ಞೆಯ ಅಕ್ಷರವನ್ನು ಹಿಡಿದುಕೊಂಡು, ಯಾವುದಕ್ಕೂ ಒದಗದೆ ಹೋದನು. ಈ ಇಬ್ಬರನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಸ್ವತಂತ್ರಬುದ್ಧಿಯೆಂಬುದು ಒಡೆಯನಿಗೆ ತೋರುವ ಅವಿಧೇಯತೆಯಲ್ಲ, ಒಡೆಯನ ಉದ್ದೇಶವನ್ನು ಅವನ ಮಾತಿಗಿಂತ ಆಳವಾಗಿ ಅರಿಯುವ ಶಕ್ತಿ ಎಂಬುದು ಮನದಟ್ಟಾಗುತ್ತದೆ. ಬರ್ನಡೋಟನು ಅಸಮರ್ಥನೆಂದು ಇದರ ಅರ್ಥವಲ್ಲ. 1810ರಲ್ಲಿ ಸ್ವೀಡನ್ನಿನ ಯುವರಾಜನಾಗಿ ಆಯ್ಕೆಗೊಂಡು, 1818ರಲ್ಲಿ ಪಟ್ಟವೇರಿ, ಅವನು ಸ್ಥಾಪಿಸಿದ ವಂಶ ಆ ದೇಶದಲ್ಲಿ ಇಂದಿಗೂ ಬಾಳುತ್ತಿದೆ. ಮ್ಯೂರಾನ ಸಿಂಹಾಸನ ಏಳು ವರ್ಷಕ್ಕೆ ಉರುಳಿದರೆ ಇವನದು ಉಳಿಯಿತು. ರಾಜನಿಗೆ ಬೇಕಾದ ಎಚ್ಚರವೇ ಸೇನಾನಿಯಲ್ಲಿ ದೋಷವಾಗಿ ಕಂಡಿತ್ತೆನ್ನಬೇಕು. ದಾವೂವಿನಲ್ಲಿಯೂ ದೋಷಗಳಿದ್ದವು. ಶಿಸ್ತಿನ ಹೆಸರಿನಲ್ಲಿ ಅವನು ಕಠೋರನಾಗುತ್ತಿದ್ದನು. ಸಮಾನರ ಸ್ನೇಹವನ್ನು ಎಂದೂ ಗಳಿಸಲಿಲ್ಲ. 1813-14ರ ಚಳಿಗಾಲದಲ್ಲಿ ಹ್ಯಾಂಬರ್ಗನ್ನು ಕಾಯುವಾಗ ಆಹಾರ ಕೂಡಿಡಲಾರದ ಸಹಸ್ರಾರು ಬಡವರನ್ನು ಕೋಟೆಯಿಂದ ಹೊರಗಟ್ಟಿದನು. ಆ ನಗರವನ್ನು ಅವನು ಚಕ್ರವರ್ತಿ ಪದಚ್ಯುತನಾಗುವವರೆಗೂ ಬಿಟ್ಟುಕೊಡಲಿಲ್ಲವೆಂದು ಮೆಚ್ಚುವಾಗ, ಆ ಚಳಿಯಲ್ಲಿ ಬೀದಿಗೆ ಬಿದ್ದವರನ್ನು ಮರೆಯುವುದು ಧರ್ಮವಲ್ಲ.

ಬೆಳೆಯುವ ಗುಣವನ್ನು ತೂಗುವುದಕ್ಕೆ ಲಾನ್ ಎಂಬವನನ್ನು ನೋಡಬೇಕು. ರೈತನ ಮಗ, ಬಟ್ಟೆಗೆ ಬಣ್ಣ ಹಾಕುವವನ ಬಳಿ ಕೆಲಸ ಕಲಿಯುತ್ತಿದ್ದವನು. ಮೊದಮೊದಲು ಕೋಪ ಮತ್ತು ಕತ್ತಿ ಎರಡೇ ಅವನ ಬಂಡವಾಳ. ಇಡೀ ಆಸ್ಥಾನ ಬಹುವಚನಕ್ಕೆ ಬಾಗಿದ ಮೇಲೂ ಚಕ್ರವರ್ತಿಯನ್ನು ಹಳೆಯ ಗೆಳೆಯನಂತೆ ಏಕವಚನದಲ್ಲಿ ಮಾತಾಡಿಸುತ್ತಿದ್ದವನು ಅವನು. 1807ರ ಜೂನ್ 14ರಂದು ಫ್ರೀಡ್‌ಲಾಂಡಿನಲ್ಲಿ, ತನ್ನ ಅಲ್ಪ ಬಲವನ್ನು ಕಾಡಿನಂಚಿನಲ್ಲಿ ಹಿಂದು ಮುಂದಾಗಿ ಆಡಿಸಿ, ತನಗಿಂತ ಬಹಳ ದೊಡ್ಡದಾಗಿದ್ದ ರಷ್ಯನ್ ಸೈನ್ಯವನ್ನು ಚಕ್ರವರ್ತಿ ಬಂದು ಸೇರುವವರೆಗೂ ನದಿಯ ಈಚೆ ಕಟ್ಟಿಹಾಕಿದ್ದು ಬರಿಯ ಸಾಹಸಿಯ ಕೆಲಸವಲ್ಲ, ಯೋಚಿಸಿ ಆಡಿದವನ ಕೆಲಸ. 1809ರ ಏಪ್ರಿಲಿನಲ್ಲಿ ರೆಗೆನ್ಸ್‌ಬರ್ಗಿನ ಗೋಡೆಯ ಮುಂದೆ ಎರಡು ಸಲ ಹಿಂದೆ ಬಿದ್ದ ಸೈನಿಕರು ಮೂರನೆಯ ಸಲ ಹಿಂಜರಿದಾಗ, ಮಾರ್ಷಲನಾಗುವ ಮೊದಲು ತಾನೂ ಸಾಮಾನ್ಯ ಸಿಪಾಯಿಯೇ ಎಂದು ಹೇಳಿ ಅವನೇ ಏಣಿಯನ್ನೆತ್ತಿಕೊಂಡು ಹೊರಟನು. ಅಧಿಕಾರಿಗಳು ಓಡಿ ಬಂದು ಏಣಿಯನ್ನು ಕಿತ್ತುಕೊಳ್ಳಬೇಕಾಯಿತು, ನಾಚಿದ ಸೈನಿಕರು ಗೋಡೆಯನ್ನು ಹತ್ತಿದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಎಸ್ಲಿಂಗ್ ರಣದಲ್ಲಿ ಫಿರಂಗಿ ಗುಂಡು ತಾಗಿ ಕಾಲು ಕತ್ತರಿಸಬೇಕಾಗಿ, ಮೇ 31ರಂದು ತನ್ನ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಕುಳ್ಳನಾಗಿ ದೊರೆತವನು ದೈತ್ಯನಾಗಿ ಹೋದನೆಂಬ ಅರ್ಥದಲ್ಲಿ ನೆಪೋಲಿಯನ್ನನು ಸೇಂಟ್ ಹೆಲೀನಾದಲ್ಲಿ ಅವನನ್ನು ನೆನೆದನು. ಚಕ್ರವರ್ತಿಗೆ ಮುಖದ ಮೇಲೆ ಸತ್ಯ ಹೇಳುವವರಲ್ಲಿ ಒಬ್ಬನು ಕಡಮೆಯಾದನೆಂಬುದು ಆ ಮರಣದ ಇನ್ನೊಂದು ನಷ್ಟ.

ಮಸ್ಸೇನಾನನ್ನು ಕುರಿತು ಹೇಳುವಾಗ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1799ರ ಸೆಪ್ಟೆಂಬರಿನಲ್ಲಿ, ಬೊನಪಾರ್ಟೆ ಈಜಿಪ್ಟಿನಿಂದ ಇನ್ನೂ ಹಿಂದಿರುಗದಿದ್ದಾಗ, ಜೂರಿಕ್ಕಿನಲ್ಲಿ ರಷ್ಯನರನ್ನು ಮುರಿದು ಫ್ರಾನ್ಸನ್ನು ಕಾಪಾಡಿದವನು ಅವನು. ಮರುವರ್ಷ ಜಿನೋವಾ ಕೋಟೆಯಲ್ಲಿ ಹಸಿವಿನಿಂದ ಬಳಲುತ್ತ ಜೂನ್ 4ರವರೆಗೂ ಆಸ್ಟ್ರಿಯನ್ ಸೈನ್ಯವೊಂದನ್ನು ತನ್ನ ಸುತ್ತ ಕಟ್ಟಿಹಾಕಿಕೊಂಡು, ಹತ್ತು ದಿನಗಳ ಮೇಲೆ ಬೊನಪಾರ್ಟೆ ಮರೆಂಗೋದಲ್ಲಿ ಗೆಲ್ಲಲು ಅನುವು ಮಾಡಿಕೊಟ್ಟವನೂ ಅವನೇ. ಹಣದಾಸೆ ಅವನ ಕೀರ್ತಿಗೆ ಹಿಡಿದ ತುಕ್ಕು. ಅವನ ಸುಲಿಗೆಯನ್ನು ಮುಚ್ಚಿಡಲು ಅವನ ಮಿತ್ರರಿಗೂ ಆಗಲಿಲ್ಲ. 1809ರಲ್ಲಿ ಕುದುರೆಯಿಂದ ಬಿದ್ದು ನೊಂದವನು ವಾಗ್ರಮ್ ಯುದ್ಧದಲ್ಲಿ ಗಾಡಿಯಲ್ಲಿ ಕುಳಿತೇ ದಳವನ್ನು ನಡೆಸಿದನು. ಅಂಥ ದಣಿದ ದೇಹವನ್ನು, ಐವತ್ತೆರಡರ ವಯಸ್ಸಿನಲ್ಲಿ, 1810ರಲ್ಲಿ ಚಕ್ರವರ್ತಿಯು ಪೋರ್ಚುಗಲ್ಲಿಗೆ ಕಳುಹಿಸಿದನು. ಬುಸ್ಸಾಕೊ ಬೆಟ್ಟದಲ್ಲಿ ಪೆಟ್ಟು ತಿಂದು, ಲಿಸ್ಬನ್ನಿನ ಮುಂದೆ ಟೊರೆಸ್ ವೆಡ್ರಾಸ್ ಕೋಟೆಸಾಲುಗಳನ್ನು ಕಂಡು ಬೆರಗಾಗಿ, ತಿಂಗಳುಗಟ್ಟಲೆ ಹಸಿದು, ಮಸ್ಸೇನಾ ಹಿಮ್ಮೆಟ್ಟಬೇಕಾಯಿತು; ಆ ದಾರಿಯಲ್ಲಿ, ಎದುರುತ್ತರ ಕೊಡುತ್ತಿದ್ದ ತನ್ನ ಕೈಕೆಳಗಿನ ನೇಯನ್ನು ಅಧಿಕಾರದಿಂದ ತೆಗೆದನು.

ಆ ಕೋಟೆಸಾಲುಗಳ ಹಿಂದೆ ನಿಂತಿದ್ದವನ ಹೆಸರು ನಮ್ಮ ನಾಡಿಗೆ ಅಪರಿಚಿತವಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕೋಟೆಯ ಅಧಿಕಾರ ವಹಿಸಿಕೊಂಡು, ದೌಲತ್ ಬಾಗಿನಲ್ಲಿ ವಾಸವಾಗಿದ್ದು, 1800ರಲ್ಲಿ ಬಂಡೆದ್ದ ಧೋಂಡಿಯ ವಾಘನನ್ನು ತುಂಗಭದ್ರೆಯಾಚೆಯ ಬಯಲುಗಳಲ್ಲಿ ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್‌ಟನ್ ಆದವನು. ಸೈನ್ಯ ನಡೆಯುವುದು ಹೊಟ್ಟೆಯ ಮೇಲೆಂಬ ಪಾಠವನ್ನು ಅವನು ನಮ್ಮ ಅಮೃತಮಹಲ್ ಎತ್ತುಗಳ ಕಾಲಿನಲ್ಲಿಯೂ, ಲಂಬಾಣಿಗರ ಧಾನ್ಯದ ಹೇರುಗಳಲ್ಲಿಯೂ ಪ್ರತ್ಯಕ್ಷವಾಗಿ ಕಂಡಿದ್ದನು. ಮಸ್ಸೇನಾನ ಮುಂದೆ ದೇಶವನ್ನು ಬರಿದುಮಾಡಿಸಿ, ತನ್ನ ಸೈನ್ಯಕ್ಕೆ ಕಡಲಿನಿಂದ ಆಹಾರ ತರಿಸಿಕೊಂಡು, ಹಸಿವನ್ನೇ ಆಯುಧವಾಗಿ ಹಿಡಿದ ಆ ತಾಳ್ಮೆಗೆ ಬೇರುಗಳಿದ್ದದ್ದು ಇಲ್ಲಿ. ಸುಲಿಗೆಯಿಂದಲೇ ಸೈನ್ಯವನ್ನು ಸಾಕುವ ಅಭ್ಯಾಸವಿದ್ದ ಫ್ರೆಂಚ್ ಮಾರ್ಷಲರಿಗೆ ಈ ಪಾಠ ಹೊಸದು.

ಸ್ಪೇನಿನಲ್ಲಿ ಮಾರ್ಷಲರು ಸೋತ ಬಗೆಯಲ್ಲಿಯೇ ಅವರ ಒಡೆಯನ ದೋಷವೂ ತೆರೆದು ಕಾಣುತ್ತದೆ. ಅಲ್ಲಿ ಚಕ್ರವರ್ತಿಯ ಅಣ್ಣ ಜೋಸೆಫ್ ಹೆಸರಿಗೆ ರಾಜ. ಸೂಲ್ಟ್, ಮಾರ್ಮೋನ್, ಸುಶೆ ಮೊದಲಾದವರು ಒಬ್ಬೊಬ್ಬರೂ ಒಂದೊಂದು ಪ್ರಾಂತಕ್ಕೆ ಒಡೆಯರು. ಆಜ್ಞೆ ಮಾತ್ರ ಪ್ಯಾರಿಸಿನಿಂದ ಬರಬೇಕು. ಬೆಟ್ಟದ ದಾರಿಗಳಲ್ಲಿ ಸವಾರನನ್ನು ಹಿಡಿದು ಕೊಲ್ಲುವ ಹಳ್ಳಿಗರ ಗುಂಪುಗಳನ್ನು ದಾಟಿ ಆ ಆಜ್ಞೆ ಬಂದು ಮುಟ್ಟುವಷ್ಟರಲ್ಲಿ ಅದು ಕುರಿತ ಪರಿಸ್ಥಿತಿಯೇ ಕಳೆದುಹೋಗಿರುತ್ತಿತ್ತು. ಎಲ್ಲರ ಮೇಲೆ ಒಬ್ಬನನ್ನು ನಿಜವಾಗಿ ನೇಮಿಸಿದರೆ ಅವನು ಎರಡನೆಯ ನೆಪೋಲಿಯನ್ ಆದಾನೆಂಬ ಶಂಕೆಯೋ ಏನೋ, ಚಕ್ರವರ್ತಿಯು ಅದನ್ನು ಮಾಡಲಿಲ್ಲ. ಹೀಗೆ ಒಬ್ಬನು ಮುಳುಗುವಾಗ ಇನ್ನೊಬ್ಬನು ಕೈ ನೀಡದೆ, 1812ರಲ್ಲಿ ಸಲಾಮಾಂಕಾದಲ್ಲಿ ಮಾರ್ಮೋನನೂ 1813ರಲ್ಲಿ ವಿಟೋರಿಯಾದಲ್ಲಿ ಜೋಸೆಫ್ ಮತ್ತು ಜೂರ್ಡಾನರೂ ವೆಲಿಂಗ್‌ಟನ್ನನಿಗೆ ಸೋತರು. ಆ ಕತ್ತಲಲ್ಲಿಯೂ ಬೆಳಗಿದವನು ಲಿಯೋನಿನ ರೇಷ್ಮೆ ವ್ಯಾಪಾರಿಯ ಮಗ ಸುಶೆ. ಅವನು ಅರಗಾನ್ ಪ್ರಾಂತದಲ್ಲಿ ತನ್ನ ಸೈನಿಕರ ಸುಲಿಗೆಯನ್ನು ತಡೆದು, ತೆಗೆದುಕೊಂಡ ದವಸಕ್ಕೆ ಬೆಲೆ ಕೊಟ್ಟು, ಆ ನಾಡಿನವರನ್ನೇ ಆಡಳಿತಕ್ಕೆ ಇಟ್ಟುಕೊಂಡನು. ಹಿಂದುಗಡೆ ಶಾಂತವಾಗಿದ್ದುದರಿಂದ ಮುಂದುಗಡೆ ಗೆಲ್ಲಲು ಅವನಿಗೆ ಸಾಧ್ಯವಾಯಿತು: 1811ರಲ್ಲಿ ಟಾರಗೋನಾ, 1812ರ ಜನವರಿಯಲ್ಲಿ ವಲೆನ್ಸಿಯಾ ಅವನ ಕೈಸೇರಿದವು. ಸ್ಪೇನಿನ ಯುದ್ಧದಲ್ಲಿ ಮಾರ್ಷಲ್ ದಂಡವನ್ನು ಗಳಿಸಿದವನು ಅವನೊಬ್ಬನೇ. ದಂಡದ ಮೇಲಿನ ಆ ಲ್ಯಾಟಿನ್ ನುಡಿಯ ಎರಡನೆಯ ಅರ್ಧವನ್ನು ಯುದ್ಧದ ನಡುವೆಯೂ ನೆನೆದವನೆಂದು ನಾನು ಅವನನ್ನು ಗೌರವಿಸುತ್ತೇನೆ.

ಆಲದ ಮರದ ಅಡಿಯಲ್ಲಿ ಗಿಡ ಬೆಳೆಯದೆಂಬ ಮಾತನ್ನು ಇಲ್ಲಿ ನೆನೆಯಬೇಕು. ನೆಪೋಲಿಯನ್ನನು ತನ್ನ ಸೇನಾನಿಗಳಿಗೆ ಬಿರುದು, ಭೂಮಿ, ಹಣಗಳನ್ನು ಧಾರಾಳವಾಗಿ ಕೊಟ್ಟನು. ತನ್ನ ಯೋಜನೆಯನ್ನು ಪೂರ್ತಿಯಾಗಿ ತಿಳಿಸಿ, ತನ್ನಂತೆ ಯೋಚಿಸಲು ಅವರಿಗೆ ಕಲಿಸಲಿಲ್ಲ. ಅವನೇ ಎಲ್ಲ ಕಡೆಯೂ ಇರಬಹುದಾಗಿದ್ದ ಸಣ್ಣ ಯುದ್ಧಗಳ ಕಾಲದಲ್ಲಿ ಈ ಕೊರತೆ ಕಾಣಲಿಲ್ಲ. 1812ರಿಂದೀಚೆಗೆ ಸೈನ್ಯಗಳು ದೊಡ್ಡವಾಗಿ, ರಂಗಗಳು ನೂರಾರು ಮೈಲಿ ಹರಡಿಕೊಂಡ ಮೇಲೆ, ಅವನಿಲ್ಲದ ಕಡೆಯಲ್ಲೆಲ್ಲ ಸೋಲು ಕಾದು ಕುಳಿತಿತ್ತು. ಕೈಗಳನ್ನು ಸಾಕಿದವನಿಗೆ ತಲೆಗಳು ಬೇಕಾದ ದಿನ ಬಂದಾಗ ಅವು ಒಂದೆರಡೇ ಉಳಿದಿದ್ದವು; ಆ ಒಂದೆರಡನ್ನೂ ಅವನು ಎಲ್ಲಿ ಇಟ್ಟನೆಂಬುದೇ ನಾವು ಕಡೆಯದಾಗಿ ತೂಗಬೇಕಾದ ವಿಷಯ.

1815ರ ವಸಂತದಲ್ಲಿ, ತನ್ನನ್ನು ಗಡೀಪಾರು ಮಾಡಿದ್ದ ಎಲ್ಬಾ ದ್ವೀಪದಿಂದ ಹಿಂದಿರುಗಿದ ಚಕ್ರವರ್ತಿಯು ತನ್ನ ಕೊನೆಯ ಸೈನ್ಯವನ್ನು ಕಟ್ಟಿದನು. ಬರ್ತಿಯೆ ಬಾರದೆ ದೂರ ಉಳಿದು, ಜೂನ್ 1ರಂದು ಬಾಂಬರ್ಗಿನಲ್ಲಿ ಕಿಟಕಿಯಿಂದ ಬಿದ್ದು ಸತ್ತನು. ಅವನ ಮೇಜಿಗೆ ಸೂಲ್ಟನನ್ನು ಕೂರಿಸಲಾಯಿತು; ಆಸ್ಟರ್‌ಲಿಟ್ಸಿನಲ್ಲಿ ಪ್ರಾಟ್ಸೆನ್ ದಿಬ್ಬವನ್ನು ಗೆದ್ದ ದಳಪತಿ, ಸ್ಪೇನಿನಲ್ಲಿ ಸೈನ್ಯವಾಳಿದವನು, ಕಾಗದಪತ್ರದ ಆ ಸೂಕ್ಷ್ಮ ಕೆಲಸಕ್ಕೆ ಹೊಸಬನು. ಆಜ್ಞೆಗಳು ತಡವಾದವು, ಅಸ್ಪಷ್ಟವಾದವು. ಜೂನ್ 16ರಂದು ಡೆರ್ಲೋನನ ಸುಮಾರು 20,000 ಜನರ ದಳ ಎರಡು ರಣರಂಗಗಳ ನಡುವೆ ಹೋಗಿ ಬಂದು, ಒಂದರಲ್ಲಿಯೂ ಗುಂಡು ಹಾರಿಸದೆ ಸಂಜೆಮಾಡಿತು. ಇಡೀ ಎಡಪಾರ್ಶ್ವವನ್ನು ನೇಗೆ ಒಪ್ಪಿಸಲಾಗಿತ್ತು. ಎರಡು ದಿನಗಳ ಮೇಲೆ ವಾಟರ್ಲೂ ಬಯಲಿನಲ್ಲಿ ಅವನು ಕಾಲಾಳುಗಳ ಬೆಂಬಲವಿಲ್ಲದೆ ಸಾವಿರಾರು ಕುದುರೆಗಳನ್ನು ಇಂಗ್ಲಿಷರ ಚೌಕಗಳ ಮೇಲೆ ಮತ್ತೆ ಮತ್ತೆ ನುಗ್ಗಿಸಿದ್ದನ್ನು ಎಲ್ಲರೂ ಹಳಿಯುತ್ತಾರೆ. ಡೆನೆವಿಟ್ಸಿನ ಅನುಭವವಿದ್ದೂ ಅವನನ್ನು ಅಲ್ಲಿ ನಿಲ್ಲಿಸಿದವರನ್ನು ಹಳಿಯುವವರು ಕಡಮೆ. ಆ ಬೆಳಗ್ಗೆ ಲ ಕಾಯು ತೋಟದ ಮನೆಯಲ್ಲಿ, ಬಲಕ್ಕೆ ಹೋಗಿರುವ ಮಾರ್ಷಲ್ ಗ್ರೂಶಿಯನ್ನು ಹಿಂದಕ್ಕೆ ಕರೆಸುವುದು ಒಳ್ಳೆಯದೆಂದು ಸೂಲ್ಟನು ಸೂಚಿಸಿದಾಗ, ವೆಲಿಂಗ್‌ಟನ್ ನಿನ್ನನ್ನು ಸೋಲಿಸಿದ್ದರಿಂದ ಅವನನ್ನು ದೊಡ್ಡವನೆಂದು ಭಾವಿಸಿದ್ದೀಯೆ ಎಂಬಂತೆ ಚಕ್ರವರ್ತಿಯು ಅವನ ಬಾಯಿ ಮುಚ್ಚಿಸಿದನು. ಅನುಭವದಿಂದ ಬಂದ ಎಚ್ಚರಿಕೆಯನ್ನು ಸೋಲಿನಿಂದ ಬಂದ ಅಳುಕೆಂದು ತಿಳಿಯುವುದು, ಬಹುಕಾಲ ಗೆದ್ದವರಿಗೆ ಒದಗುವ ಕುರುಡು.

ಗ್ರೂಶಿಯ ವಿಷಯದಲ್ಲಿ ನ್ಯಾಯವಾಗಿ ಮಾತಾಡೋಣ. ಆತನು ಒಳ್ಳೆಯ ಅಶ್ವಸೇನಾಪತಿ. ದಂಡ ಕೈಗೆ ಬಂದು ಎರಡು ತಿಂಗಳಾಗಿತ್ತು. ಸುಮಾರು 33,000 ಜನರನ್ನು ಸ್ವತಂತ್ರವಾಗಿ ನಡೆಸುವ ಕೆಲಸ ಅವನಿಗೆ ಹೊಸದು. ಪ್ರಷ್ಯನರ ಬೆನ್ನು ಹಿಡಿಯೆಂದು ಆಜ್ಞೆಯಾಗಿತ್ತು. ಜೂನ್ 18ರ ಹಗಲು ವಾಲೆನ್ ಎಂಬಲ್ಲಿ ಪಶ್ಚಿಮದಿಂದ ಫಿರಂಗಿಗಳ ಮೊರೆತ ಕೇಳಿಬಂದಾಗ, ಸದ್ದಿನ ಕಡೆಗೆ ನಡೆಯೋಣವೆಂದು ಅವನ ಅಧೀನ ಸೇನಾನಿ ಜೆರಾರ್ ಒತ್ತಾಯಿಸಿದನು. ಗ್ರೂಶಿ ಆಜ್ಞೆಯನ್ನು ಬಿಡಲಿಲ್ಲ. ಔವರ್‌ಸ್ಟೆಟ್ಟಿನ ದಿನದ ಬರ್ನಡೋಟನ ನೆನಪು ಇಲ್ಲಿ ಬಾರದಿರದು. ಆದರೆ ಹತ್ತು ವರ್ಷಗಳ ಕಾಲ ಆಜ್ಞೆಯನ್ನು ಮೀರಿದವರನ್ನು ಗದರಿಸಿ, ಕಾದು ನಿಂತವರಿಗೆ ಬಹುಮಾನ ಕೊಟ್ಟ ಒಡೆಯನ ಸೈನ್ಯದಲ್ಲಿ, ಹೊಸ ಮಾರ್ಷಲನೊಬ್ಬನು ಅಂದು ಆಜ್ಞೆಯನ್ನು ಮೀರಬೇಕಾಗಿತ್ತೆಂದು ಕೇಳುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸೋಲಿನ ಸುದ್ದಿ ತಿಳಿದ ಮೇಲೆ ಅದೇ ಗ್ರೂಶಿಯು ನಾಮೂರಿನ ಮಾರ್ಗವಾಗಿ ತನ್ನ ಸೈನ್ಯವನ್ನು ಚದರಿಹೋಗದಂತೆ ಫ್ರಾನ್ಸಿಗೆ ಕರೆತಂದದ್ದು, ಅವನಲ್ಲಿ ಏನಿತ್ತು ಏನಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಗಾದರೆ ಆ ವರ್ಷ ದಾವೂ ಎಲ್ಲಿದ್ದನು? ಸುಶೆ ಎಲ್ಲಿದ್ದನು? ಸುಶೆ ಆಲ್ಪ್ಸ್ ಗಡಿಯನ್ನು ಕಾಯುತ್ತಿದ್ದನು. ದಾವೂ ಯುದ್ಧಮಂತ್ರಿಯಾಗಿ ಪ್ಯಾರಿಸಿನಲ್ಲಿ ಬಂದೂಕು, ಬೂಟು, ಸಮವಸ್ತ್ರಗಳ ಲೆಕ್ಕ ನೋಡುತ್ತಿದ್ದನು. ತನ್ನನ್ನು ರಣರಂಗಕ್ಕೆ ಕರೆದೊಯ್ಯಿರೆಂದು ಅವನು ಕೇಳಿಕೊಳ್ಳದೆ ಇರಲಿಲ್ಲ. ರಾಜಧಾನಿಯನ್ನು ನಂಬಿ ಒಪ್ಪಿಸಲು ನಿನ್ನನ್ನು ಬಿಟ್ಟರೆ ಬೇರೊಬ್ಬನಿಲ್ಲವೆಂದು ಚಕ್ರವರ್ತಿಯು ಉತ್ತರ ಕೊಟ್ಟನು. ಅದಕ್ಕೆ ದಾವೂ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ತಾವು ಗೆದ್ದರೆ ಪ್ಯಾರಿಸ್ ತಾನಾಗಿ ತಮ್ಮದಾಗಿರುತ್ತದೆ; ಸೋತರೆ ಅದನ್ನು ನಾನಾಗಲಿ ಇನ್ನಾರಾಗಲಿ ತಮಗಾಗಿ ಉಳಿಸಲಾರೆವು. ಇಪ್ಪತ್ತಾರು ಮಂದಿಯ ಗುಣದೋಷಗಳನ್ನು ತೂಗಲು ನಾವು ಹಿಡಿದ ತಕ್ಕಡಿಯಲ್ಲಿ ಒಡೆಯನನ್ನೇ ಇಟ್ಟು ತೂಗಿದ ಮಾತು ಅದು. ಒಡೆಯನು ಅದನ್ನು ಕೇಳಿದನು. ಕೇಳಿಯೂ ದಾವೂವನ್ನು ಪ್ಯಾರಿಸಿನಲ್ಲಿಯೇ ಬಿಟ್ಟು ಉತ್ತರದ ಗಡಿಗೆ ಹೊರಟನು.